ಸುರಪುರದಿಂದ ಸ್ಯಾನ್ ಫ್ರಾನ್ಸಿಸ್ಕೊ ಎಷ್ಟು ದೂರ?

ಇವತ್ತು ಒಂದು ಸಣ್ಣ ಪ್ರಶ್ನೆ. ನಮ್ಮ ಸಗರನಾಡಿನಿಂದ ಅಮೆರಿಕಾ ಎಷ್ಟು ದೂರ?

ಮೊಬೈಲ್‌ನಲ್ಲಿ ಹುಡುಕಿದ್ರೆ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿ.ಮೀ. ಅಂತ ಬರ್ತದೆ. 2021ರಲ್ಲಿ ಏರ್ ಇಂಡಿಯಾ ಇದನ್ನ ಎಲ್ಲೂ ಇಳಿಯದೆ ದಾಟಿತು. ಜನವರಿ 9ರ ಶನಿವಾರ ರಾತ್ರಿ ಅಲ್ಲಿಂದ ಹೊರಟ ವಿಮಾನ 11ರ ಸೋಮವಾರ ನಸುಕಿನಲ್ಲಿ ಬೆಂಗಳೂರಿಗೆ ಇಳೀತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಜೊತೆಗಿದ್ದ ಪೈಲಟ್‌ಗಳು ಎಲ್ಲರೂ ಹೆಣ್ಮಕ್ಕಳು. ಹಾರಿದ್ದು ಸುಮಾರು 17 ಗಂಟೆ ಅಷ್ಟೇ. ಎರಡೂ ಊರಿನ ಗಡಿಯಾರಕ್ಕೆ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ, ಅದಕ್ಕೇ ತಾರೀಖು ಎರಡು ಜಿಗಿದವು.

ದಾರಿ ಇನ್ನೂ ಮಜಾ. ಗೋಡೆಯ ನಕಾಶೆ ನೋಡಿದ್ರೆ ಸಮುದ್ರದ ಮೇಲೆ ಹೋಗಬೇಕು ಅನ್ನಿಸ್ತದೆ. ಆದ್ರೆ ಒಂದು ಚೆಂಡು ತಗೊಂಡು ಎರಡೂ ಊರಿಗೆ ದಾರ ಬಿಗಿದು ನೋಡ್ರಿ, ಅದು ಉತ್ತರ ಧ್ರುವದ ಹತ್ರಾನೇ ಹಾಯ್ತದೆ. ಆ ವಿಮಾನ ಬಂದಿದ್ದೂ ಹಂಗೇ.

ಈಗ ಹಿಂದಕ್ಕೆ ಹೋಗೋಣ. 1824ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ 15 ವರ್ಷದ ಹುಡುಗ ಮೆಡೋಸ್ ಟೇಲರ್ ಹಡಗು ಹತ್ತಿ ಮುಂಬೈಗೆ ಬಂದ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಹಂಗಾಗಿ ಆಗ ಆಫ್ರಿಕಾ ಸುತ್ತಿ, ತಿಂಗಳುಗಟ್ಟಲೆ ಪ್ರಯಾಣ. 1841ರಲ್ಲಿ ಆತ ಸುರಪುರಕ್ಕೆ ಬಂದ. ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ, ಆಡಳಿತ ಟೇಲರ್ ಕೈಯಲ್ಲಿ. 1853ರವರೆಗೂ ಇದ್ದ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೀವು ನೋಡಿರ್ತೀರಿ. ಅಲ್ಲಿಂದ ತವರಿಗೆ ಕಾಗದ ಬರೆದ್ರೆ ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕು.

1871ರಲ್ಲಿ ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಯಾದಗಿರಿ ಅದೇ ಹಳಿಯ ಮೇಲಿದೆ. ಮುಂದೆ ವಿಮಾನ ನಮ್ಮ ಕಡೆ ಬರೋಕೆ 2019ರ ನವೆಂಬರ್ 22 ಆಗಬೇಕಾಯ್ತು. ಅವತ್ತು ಕಲಬುರಗಿ ನಿಲ್ದಾಣ ಶುರುವಾಯ್ತು.

ಇಷ್ಟೆಲ್ಲ ಯಾಕೆ ಹೇಳ್ದೆ ಅಂದ್ರೆ, ನಮ್ಮ ಓಣಿಯ ಒಬ್ಬ ಅಣ್ಣ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅವರ ಅವ್ವ ತೀರಿಕೊಂಡ ರಾತ್ರಿ ಫೋನ್ ಮಾಡಿ, "ಮಣ್ಣಿಗೆ ಬರ್ತೀನಿ, ತಡೀರಿ" ಅಂದ. ನಾನು ಬಿ.ಕಾಂ. ಓದಿದವ, ಕೂತು ಲೆಕ್ಕ ಹಾಕ್ದೆ. ನಿಲ್ದಾಣಕ್ಕೆ 3 ಗಂಟೆ ಮುಂಚೆ ಹೋಗಬೇಕು. ವಿಮಾನದಲ್ಲಿ 17. ಇಳಿದು ಹೊರಗೆ ಬರೋಕೆ 2. ಬೆಂಗಳೂರಿನಿಂದ ಸುರಪುರಕ್ಕೆ ಕಾರಿನಲ್ಲಿ 10. ಒಟ್ಟು 32 ಗಂಟೆ, ಅದೂ ಟಿಕೆಟ್ ತಕ್ಷಣ ಸಿಕ್ಕರೆ. ಮರುದಿನ ಮಧ್ಯಾಹ್ನ ಮಣ್ಣು ಆಗಲೇಬೇಕಿತ್ತು. ನಾನೇ ವಿಡಿಯೋ ಕಾಲ್ ಹಿಡ್ಕೊಂಡು ನಿಂತೆ. ಬೆಂಗಳೂರಲ್ಲಿ ಗೌಂಡಿ ಕೆಲಸ ಮಾಡೋ ಅವನ ತಮ್ಮ ರಾತ್ರಿ ಬಸ್ ಹತ್ತಿ ಬೆಳಿಗ್ಗೆಗೇ ಮನೆ ಮುಟ್ಟಿದ್ದ.

ಟೇಲರ್ ಕಾಲಕ್ಕೆ ಸಾವಿನ ಸುದ್ದಿಯೇ ತಿಂಗಳು ತಡವಾಗಿ ಮುಟ್ತಿತ್ತು. ಈಗ ಸುದ್ದಿ ಕ್ಷಣದಲ್ಲಿ ಮುಟ್ತದೆ, ಮನುಷ್ಯ ಮಾತ್ರ 32 ಗಂಟೆ ಹಿಂದೆ.

ನಿಮ್ಮ ಮನೆ ಹಿರಿಯರನ್ನ ಕೇಳ್ರಿ, ಮೊದಲ ಸಲ ಬೆಂಗಳೂರಿಗೋ ಮುಂಬೈಗೋ ಹೋಗೋಕೆ ಎಷ್ಟು ಹೊತ್ತು ಹಿಡೀತು ಅಂತ. ಅವರ ದನೀಲೇ ರೆಕಾರ್ಡ್ ಮಾಡಿ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಬರ್ತೀನ್ರೀ.