ಮಾಣಗಾವದಿಂದ ನಿಪ್ಪಾಣಿಗೆ, ನಿಪ್ಪಾಣಿಯಿಂದ ಸಂವಿಧಾನಕ್ಕೆ

ಏಕಸಂಬಿಯ ಇತಿಹಾಸ ಎಂದರೆ ಎಲ್ಲರೂ ನೇಮಿನಾಥ ಬಸದಿಯನ್ನು ನೆನೆಯುತ್ತಾರೆ. 12ನೆಯ ಶತಮಾನದಲ್ಲಿ ಶಿಲಾಹಾರರ ದಂಡನಾಯಕ ಕಾಲಣ ಕಟ್ಟಿಸಿದ ಬಸದಿ ಅದು, ನಮ್ಮೂರಿಗೆ ಹೆಮ್ಮೆ. ಆದರೆ ಅಂಬೇಡ್ಕರ್ ಜಯಂತಿ ಸಮಿತಿಯ ಹಿರಿಯರು ಈ ಸಂಚಿಕೆಗೆ ಬರೆಯಲು ಹೇಳಿದಾಗ ನಾನು ಆರಿಸಿಕೊಂಡದ್ದು ಬೇರೆ ಇತಿಹಾಸ. ಚಾವಡಿಯ ಮೆಟ್ಟಿಲ ಕೆಳಗೆ ನಿಂತು ಮಾತಾಡಬೇಕಾಗಿದ್ದ ಜನ ಸರಕಾರವನ್ನು ಆರಿಸುವ ಹಕ್ಕು ಪಡೆದ ಇತಿಹಾಸ ಅದು. ಅದರ ಮೊದಲ ಅಧ್ಯಾಯ ನಡೆದದ್ದು ದಿಲ್ಲಿಯಲ್ಲಲ್ಲ, ನಮ್ಮ ಈ ಸೀಮೆಯಲ್ಲಿ, ದೂಧಗಂಗೆ-ಪಂಚಗಂಗೆಯ ದಂಡೆಯ ಹಳ್ಳಿಗಳಲ್ಲಿ.

ಶಾಹೂ ಮಹಾರಾಜರಿಂದಲೇ ಆರಂಭಿಸಬೇಕು. 1902ರ ಜುಲೈ 26ರಂದು ಕೊಲ್ಹಾಪುರ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50 ಜಾಗ ಮೀಸಲಿಟ್ಟ ದೊರೆ ಅವರು. ಇಂದಿನ ರಾಯಬಾಗ ಆಗ ಅವರ ಸಂಸ್ಥಾನಕ್ಕೆ ಸೇರಿತ್ತು. ನಮ್ಮ ಚಿಕ್ಕೋಡಿ ಬ್ರಿಟಿಷರ ಮುಂಬಯಿ ಇಲಾಖೆಯಲ್ಲಿತ್ತು. ಗಡಿ ಕಾಗದದ ಮೇಲಿತ್ತು, ಸಂತೆಯೂ ಬೀಗತನವೂ ಎರಡೂ ಕಡೆ ನಡೆದಿದ್ದವು. ಹಾಗಾಗಿ ಕೊಲ್ಹಾಪುರದ ಸುದ್ದಿ ನಮ್ಮ ಕೇರಿಗಳಿಗೆ ತಡವಾಗದೆ ಮುಟ್ಟುತ್ತಿತ್ತು. ಗಂಗಾರಾಮ ಕಾಂಬಳೆ ಎಂಬ ಅಸ್ಪೃಶ್ಯ ಯುವಕನಿಗೆ ಚಹದಂಗಡಿ ಹಾಕಿಸಿಕೊಟ್ಟು, ಸ್ವತಃ ಮಹಾರಾಜರೇ ಅಲ್ಲಿ ಚಹಾ ಕುಡಿದ ಕಥೆಯನ್ನು ನಾನು ನನ್ನ ಅಜ್ಜನ ಬಾಯಿಂದ ಕೇಳಿದ್ದೇನೆ. ಅಜ್ಜ ಅದನ್ನು ಹೇಳುವಾಗ ಪ್ರತಿ ಸಲ ಎದ್ದು ಕೂರುತ್ತಿದ್ದರು.

ಅದೇ ಹೊತ್ತಿಗೆ ಅಮೆರಿಕದಲ್ಲಿ ಓದಿ ಬಂದಿದ್ದ ತರುಣರೊಬ್ಬರು ಮುಂಬಯಿಯಲ್ಲಿದ್ದರು. ಬಡೋದೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ಭೀಮರಾವ್ ಅಂಬೇಡ್ಕರರು 1916ರವರೆಗೆ ಅಲ್ಲಿದ್ದರು. ಆ ದೇಶದ ಹಿರಿಯರು 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದದ್ದು ದೊಡ್ಡ ಕೆಲಸವೇ. ರಾಜನಿಲ್ಲದ ಸರಕಾರ, ಮೂರು ಅಂಗಗಳ ನಡುವೆ ಹಂಚಿದ ಅಧಿಕಾರ, ಆಮೇಲೆ ಸೇರಿಸಿದ ಹಕ್ಕುಗಳು. ಆದರೆ ಅದೇ ಕಾಗದದಲ್ಲಿ, ರಾಜ್ಯಗಳ ಸ್ಥಾನ ಲೆಕ್ಕಹಾಕಲು ಐದು ಜನ ಗುಲಾಮರನ್ನು ಮೂರು ಜನ ಎಂದು ಎಣಿಸಿದ್ದರು. ಗುಲಾಮಗಿರಿ ಹೋದದ್ದು 1865ರಲ್ಲಿ, ಅದೂ ನಾಲ್ಕು ವರ್ಷ ರಕ್ತ ಹರಿದ ಮೇಲೆ. 1870ರಲ್ಲಿ ಕರಿಯರಿಗೆ ಮತದ ಹಕ್ಕು ಬರಹದಲ್ಲಿ ಸಿಕ್ಕಿತು. ದಕ್ಷಿಣದ ರಾಜ್ಯಗಳಲ್ಲಿ ಅದು ಕೈಗೆ ಬರಲು 1965ರ ಕಾಯ್ದೆಯವರೆಗೆ ಕಾಯಬೇಕಾಯಿತು. ಕಟ್ಟುವಾಗಲೇ ಯಾರನ್ನು ಹೊರಗಿಟ್ಟಿರೋ ಅವರನ್ನು ಒಳಗೆ ತರಲು ತಲೆಮಾರುಗಳು ಬೇಕಾಗುತ್ತವೆ. ಬಾಬಾಸಾಹೇಬರು ಭಾರತಕ್ಕೆ ಮರಳಿ 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ ಮತದಾನದ ಹಕ್ಕಿನ ಬಗ್ಗೆ ಸಾಕ್ಷಿ ಹೇಳಿದ್ದನ್ನು ಈ ಬೆಳಕಿನಲ್ಲೇ ಓದಬೇಕೆಂದು ನನಗನಿಸುತ್ತದೆ.

1920ರ ಜನವರಿ 31ರಂದು ‘ಮೂಕನಾಯಕ’ ಪತ್ರಿಕೆ ಹೊರಟಿತು. ಶಾಹೂ ಮಹಾರಾಜರು ಅದಕ್ಕೆ 2,500 ರೂಪಾಯಿ ಕೊಟ್ಟರು. ಇಬ್ಬರನ್ನೂ ಹತ್ತಿರ ತಂದವರು ಕೊಲ್ಹಾಪುರದ ದತ್ತೋಬಾ ಪವಾರರು. ಇಂಥವರ ಹೆಸರನ್ನು ನಮ್ಮ ಮಕ್ಕಳು ಕಲಿಯಬೇಕು. ಅದೇ ವರ್ಷದ ಮಾರ್ಚ್ 21 ಮತ್ತು 22ರಂದು ಕೊಲ್ಹಾಪುರ ಸೀಮೆಯ ಮಾಣಗಾವದಲ್ಲಿ ಬಹಿಷ್ಕೃತರ ಪರಿಷತ್ತು ನಡೆಯಿತು. ಅದಕ್ಕೆ ಬೆನ್ನಾಗಿ ನಿಂತವರು ಆ ಊರಿನ ಜೈನ ಪಾಟೀಲರಾದ ಅಪ್ಪಾಸಾಹೇಬರು. ಬಸದಿಯ ಊರಿನವರಾದ ನಮಗೆ ಇದು ಹೆಚ್ಚು ಹತ್ತಿರದ ಸಂಗತಿ. ನಿಮಗೆ ನಿಮ್ಮ ನಾಯಕ ಸಿಕ್ಕಿದ್ದಾನೆ ಎಂದು ಮಹಾರಾಜರು ಆ ಸಭೆಯಲ್ಲಿ ಎದ್ದು ನಿಂತು ಸಾರಿದರು.

ಐದು ವರ್ಷದ ಮೇಲೆ, 1925ರ ಏಪ್ರಿಲ್‌ನಲ್ಲಿ, ಮುಂಬಯಿ ಪ್ರಾಂತ ಬಹಿಷ್ಕೃತ ಪರಿಷತ್ತು ನಿಪ್ಪಾಣಿಯಲ್ಲಿ ಸೇರಿತು. ಅಧ್ಯಕ್ಷತೆ ಬಾಬಾಸಾಹೇಬರದೇ. ತಂಬಾಕಿನ ಪೇಟೆಯಾದ ನಿಪ್ಪಾಣಿಗೆ ಸುತ್ತಿನ ಹಳ್ಳಿಗಳ ಜನ ದಿನವೂ ದುಡಿಯಲು, ಮಾರಲು ಹೋಗುತ್ತಿದ್ದರು. ಅದೇ ಪೇಟೆಯಲ್ಲಿ ಈಗ ಅವರದೇ ಪರಿಷತ್ತು ಕೂತಿತ್ತು. ಕೇರಳದ ವೈಕಂನಲ್ಲಿ ಗುಡಿಯ ದಾರಿಗಾಗಿ ಸತ್ಯಾಗ್ರಹ ನಡೆದಿದ್ದ ಕಾಲವದು. 1919ರ ಕಾಯ್ದೆಯ ಪ್ರಕಾರ ಆಸ್ತಿ, ಕಂದಾಯ ಇದ್ದವರಿಗೆ ಮಾತ್ರ ಮತ. ಸಭೆಯಲ್ಲಿ ಕೂತವರಲ್ಲಿ ಬಹುತೇಕರಿಗೆ ಅದಿರಲಿಲ್ಲ. ಮತವಿಲ್ಲದವರು ನಿಪ್ಪಾಣಿಯಲ್ಲಿ ಅಧ್ಯಕ್ಷರನ್ನು ಕೂರಿಸಿದರು, ಠರಾವು ಮಂಡಿಸಿದರು, ಚರ್ಚಿಸಿದರು. ರಾಜ್ಯಾಡಳಿತದ ಪಾಠವನ್ನು ಅವರು ಕಲಿತದ್ದು ಹೀಗೆ.

ಅಲ್ಲಿಂದ ದಾರಿ ಬೇಗ ಸಾಗಿತು. 1927ರಿಂದ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಕೂತ ಬಾಬಾಸಾಹೇಬರು ಮರುವರ್ಷವೇ ವತನದ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಹಗಲು ರಾತ್ರಿ ಎನ್ನದೆ ಸರಕಾರಿ ಕೆಲಸಕ್ಕೆ ಓಡಬೇಕು, ಬದಲಿಗೆ ಚೂರು ಇನಾಮು ಭೂಮಿ, ಮನೆಮನೆಯ ಬಲುತೆ: ಮಹಾರ ವತನವೆಂದರೆ ಅದು. ನಮ್ಮ ಹಿರಿಯರ ಬೆನ್ನು ಬಾಗಿದ್ದು ಅದರಿಂದ. ಆ ಮಸೂದೆ ಪಾಸಾಗಲಿಲ್ಲ. ವತನದಿಂದ ಪೂರ್ತಿ ಬಿಡುಗಡೆ ಸಿಗಲು ನಮ್ಮ ರಾಜ್ಯದ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬರಬೇಕಾಯಿತು.

1932ರ ಪುಣೆ ಒಪ್ಪಂದದ ಬಗ್ಗೆ ನಮ್ಮವರಲ್ಲೇ ಎರಡು ಮಾತಿವೆ. ಈ ಹಬ್ಬದ ಸಂಚಿಕೆಯಲ್ಲಿ ಅದನ್ನು ಕೆದಕುವುದು ಬೇಡ. ಅದರಿಂದ ಮುಂಬಯಿ ಶಾಸನಸಭೆಯಲ್ಲಿ 15 ಮೀಸಲು ಸ್ಥಾನ ಬಂದವು. 1937ರ ಚುನಾವಣೆಯಲ್ಲಿ ಬೆಳಗಾವಿ ಭಾಗದಿಂದ ಸ್ವತಂತ್ರ ಮಜೂರ ಪಕ್ಷದ ಬಳವಂತರಾವ್ ವರಾಳೆಯವರು ಗೆದ್ದರು. ಧಾರವಾಡದಲ್ಲಿ ಬಾಬಾಸಾಹೇಬರ ಬೋರ್ಡಿಂಗ್ ನೋಡಿಕೊಂಡವರು, ಹಳ್ಳಿಯ ಹುಡುಗರನ್ನು ಅಲ್ಲಿಟ್ಟು ಓದಿಸಿದವರು ಅವರು. ನಿಪ್ಪಾಣಿಯಲ್ಲೇ ಹುಟ್ಟಿದ ಅವರ ಮೊಮ್ಮಗ ಪ್ರಸನ್ನ ವರಾಳೆಯವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ನಮ್ಮ ಕೇರಿಯಲ್ಲಿ ಪೇಡೆ ಹಂಚಿದೆವು.

ಸಂವಿಧಾನ ಸಭೆಯ ಕಥೆ ಎಲ್ಲರಿಗೂ ಗೊತ್ತಿದೆ. ನಮ್ಮ ಮಂಗಳೂರಿನ ಬೆನಗಲ್ ನರಸಿಂಗರಾಯರು ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಬಂದರು. 1948ರ ನವೆಂಬರ್ 4ರಂದು ಕರಡನ್ನು ಮಂಡಿಸುತ್ತ ಬಾಬಾಸಾಹೇಬರು ಅಮೆರಿಕದ ಅಧ್ಯಕ್ಷ ಪದ್ಧತಿಯನ್ನೂ ನಮ್ಮ ಸಂಸದೀಯ ಪದ್ಧತಿಯನ್ನೂ ಹೋಲಿಸಿ ತೋರಿಸಿದರು. ಅಲ್ಲಿ ಎರಡು ಪೌರತ್ವ, ಇಲ್ಲಿ ಒಂದೇ. ಮತದ ಮಾತಿನಲ್ಲಂತೂ ನಾವು ಯಾರನ್ನೂ ಕಾಯಿಸಲಿಲ್ಲ: 1951-52ರ ಮೊದಲ ಚುನಾವಣೆಯಲ್ಲೇ ಗೌಡರೂ ಕೇರಿಯ ಮುದುಕಿಯೂ ಒಂದೇ ಸಾಲಿನಲ್ಲಿ ನಿಂತರು.

ಆಮೇಲಿನ ದಶಕಗಳನ್ನು ಚುಟುಕಾಗಿ ಹೇಳುತ್ತೇನೆ. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಗಡಿಯ ವಾದ, 1957ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷದ ಬಣಗಳ ವಾದ, ಎರಡೂ ನಮ್ಮ ಮನೆಗಳೊಳಗೆ ಬಂದು ಹೋದವು. ಈಗ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತೇವೆ. ಚಿಕ್ಕೋಡಿಯಿಂದ ಬಿ. ಶಂಕರಾನಂದರು ಏಳು ಸಲ ಲೋಕಸಭೆಗೆ ಹೋದರು, ಕೇಂದ್ರದಲ್ಲಿ ಮಂತ್ರಿಯಾದರು. 1987ರ ಜಿಲ್ಲಾ ಪರಿಷತ್ತಿನ ಚುನಾವಣೆಯಲ್ಲಿ ಹೆಣ್ಣುಮಕ್ಕಳಿಗೆ ಶೇಕಡಾ 25 ಮೀಸಲು ಬಂದಿತು.

ನಮ್ಮ ಸಮಿತಿಯ ಸಂಜೆ ಪಾಠದ ಬಗ್ಗೆ ಬರೆಯದಿದ್ದರೆ ಲೇಖನ ಅಪೂರ್ಣ. ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುತ್ತೇವೆ. ಶನಿವಾರ ಮಾತ್ರ ಸಂವಿಧಾನ. ನಾನು ಕಲಿಸುತ್ತೇನೆಂದು ಹೇಳುತ್ತಿಲ್ಲ, ಊರಿನಲ್ಲಿ ಇದಕ್ಕಿಂತ ದೊಡ್ಡ ಕೆಲಸ ನಾನು ಕಂಡಿಲ್ಲ. ಪೀಠಿಕೆ ಬಾಯಿಪಾಠವಾದ ಮೇಲೆ 14ರಿಂದ 17ನೆಯ ಅನುಚ್ಛೇದ, ಆಮೇಲೆ ಪಂಚಾಯತಿಯ ಕಾಯ್ದೆ. ಕಲಿತ ಮಕ್ಕಳು ಪಟ್ಟಣ ಪಂಚಾಯತಿಗೆ ಹೋಗಿ ನೀರಿನ ಅರ್ಜಿಯನ್ನು ತಾವೇ ಬರೆದು ಕೊಡುತ್ತಾರೆ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳದೆ ಬರುವುದಿಲ್ಲ. ಈ ಸಲ ನವೆಂಬರ್ 26ರ ಸಂವಿಧಾನ ದಿನದ ಸಭೆಯ ಅಧ್ಯಕ್ಷತೆಗೆ ಒಂಬತ್ತನೆಯ ಇಯತ್ತೆಯ ಹುಡುಗಿಯನ್ನು ಆರಿಸಿದ್ದೇವೆ. ಮಾಣಗಾವ ಮತ್ತು ನಿಪ್ಪಾಣಿಯ ಪರಿಷತ್ತುಗಳ ಬಗ್ಗೆ ಅವಳೇ ಮಾತಾಡುತ್ತಾಳೆ.