ಗೇರ್ ಪಕ್ಕದ ನಾಲ್ಕು ಸ್ವಿಚ್ಚು, ಅದರ ಹಿಂದಿನ ಕಥೆ

ಹೋದ ತಿಂಗಳು ಬೆಳಗಿನ ಜಾವ ಎರಡೂವರೆಗೆ ಸೊಪ್ಪು ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದೆ. ಸುಂಕದಕಟ್ಟೆ ದಾಟುವಾಗ ಕ್ಯಾಬಿನ್ನಿನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಗೇರ್ ಲಿವರ್ ಪಕ್ಕದ ಕನ್ಸೋಲ್ ಮುಟ್ಟಿ ನೋಡಿದ್ರೆ ಕೈ ಇಡೋಕಾಗದಷ್ಟು ಬಿಸಿ. ಗಾಡಿ ಪಕ್ಕಕ್ಕೆ ಹಾಕಿ, ಬಾನೆಟ್ ಎತ್ತಿ, ಬ್ಯಾಟರಿ ಟರ್ಮಿನಲ್ ಬಿಚ್ಚಿದ ಮೇಲೆ ಜೀವ ಬಂತು. ಇನ್ನೈದು ನಿಮಿಷ ತಡ ಆಗಿದ್ರೆ ಸೊಪ್ಪಿನ ಜೊತೆ ಪಿಕಪ್ಪೂ ಹೋಗೋದು.

ಆ ಕನ್ಸೋಲಿನಲ್ಲಿ ತೂತು ಕೊರೆಸಿ ನಾಲ್ಕು ಸ್ವಿಚ್ ಹಾಕಿಸಿದ್ದು ನಾನೇ. ಮುಂದಿನ ಎರಡು ಎಕ್ಸ್‌ಟ್ರಾ ಲೈಟಿಗೆ ಒಂದು, ಹಿಂದೆ ಲೋಡ್ ಮಾಡುವಾಗಿನ ದೀಪಕ್ಕೆ ಒಂದು, ಸೊಪ್ಪಿಗೆ ನೀರು ಚಿಮುಕಿಸೋ ಚಿಕ್ಕ ಪಂಪಿಗೆ ಒಂದು, ಫ್ಯಾನಿಗೆ ಒಂದು. ಬಿಚ್ಚಿ ನೋಡಿದಾಗ ನಾಲ್ಕಕ್ಕೂ ಕೀ ಲೈನಿನಿಂದ ಎಳೆದ ಒಂದೇ ಸಣ್ಣ ವೈರು. ಫ್ಯೂಸ್ ಇಲ್ಲ, ರಿಲೇ ಇಲ್ಲ, ಜಾಯಿಂಟಿಗೆ ಬರೀ ಟೇಪು. ಕೆಲಸ ಮಾಡಿದವನನ್ನ ಬೈಯೋದಕ್ಕಿಂತ ಈ ಸ್ವಿಚ್ಚು ನಮ್ಮ ಗಾಡಿಗೆ ಹೇಗೆ ಬಂತು, ಅದರ ಹಿಂದೆ ಏನಿರಬೇಕಿತ್ತು ಅಂತ ತಿಳ್ಕೊಳ್ಳೋಣ ಅನ್ನಿಸ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ನಮ್ಮ ತಾತಂದಿರ ಕಾಲದಲ್ಲಿ ಸಂತೆಗೆ ಹೋಗೋ ಎತ್ತಿನ ಗಾಡಿಗೆ ಇದ್ದ ದೀಪ ಒಂದೇ, ಅಚ್ಚಿನ ಕೆಳಗೆ ತೂಗುಹಾಕಿದ ಲಾಟೀನು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಗಾಡಿಗಳಿಗೆ ಕರೆಂಟು ಬಂದಿದ್ದು ಇನ್ನೂ ಸ್ವಲ್ಪ ತಡವಾಗಿ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ನಾವು ಇವತ್ತು 'ಸೆಲ್ಫ್' ಅನ್ನೋದು ಅದನ್ನೇ. ಮರುವರ್ಷ ಜರ್ಮನಿಯ ಬಾಷ್ ಕಂಪನಿ ಡೈನಮೋ, ರೆಗ್ಯುಲೇಟರ್, ಹೆಡ್‌ಲೈಟ್ ಎಲ್ಲಾ ಒಂದೇ ಸೆಟ್ಟಾಗಿ ಮಾರೋಕೆ ಶುರು ಮಾಡ್ತು.

ಅದೇ ಬಾಷ್ ಕಂಪನಿಯ ಕೆಲಸ 1951ರಲ್ಲಿ ಮೈಕೋ ಅನ್ನೋ ಹೆಸರಿನಲ್ಲಿ ನಮ್ಮ ದೇಶದಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಬೇರು ಬಿಡ್ತು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಅಲ್ಲಿ ಆಗ್ತಿದ್ದವು. 2008ರಲ್ಲಿ ಕಂಪನಿ ಹೆಸರು ಬಾಷ್ ಅಂತ ಬದಲಾದರೂ ಊರಿನವರ ಬಾಯಲ್ಲಿ ಇನ್ನೂ ಮೈಕೋನೇ. ಆ ಕಾಲದ ಜೀಪು, ಲಾರಿಗಳಲ್ಲಿ ಸ್ವಿಚ್ಚು ಬೆರಳೆಣಿಕೆಯಷ್ಟು. ಹೆಡ್‌ಲೈಟಿಗೆ ಎಳೆಯೋ ಗುಂಡಿ, ವೈಪರಿಗೊಂದು, ಹಾರ್ನಿಗೊಂದು, ಒಂದೆರಡು ಗಾಜಿನ ಕೊಳವೆ ಫ್ಯೂಸು. ಕನ್ಸೋಲ್ ಅನ್ನೋದೇ ಇರಲಿಲ್ಲ. ಲಾರಿಯಲ್ಲಿ ಡ್ರೈವರ್ ಪಕ್ಕಕ್ಕೆ ಇಂಜಿನ್ ಮುಚ್ಚಳ, ಅದರ ಮೇಲೆ ಕ್ಲೀನರ್ ಮಲಗೋನು.

ಈಗ ರಿಲೇ ವಿಷಯ. ಈ ಹೆಸರು ಮೊದಲು ದಣಿದ ಕುದುರೆ ಬಿಟ್ಟು ಹೊಸ ಕುದುರೆ ಕಟ್ಟೋ ಪದ್ಧತಿಗಿತ್ತು. ನಮ್ಮಲ್ಲೂ ಅದು ಹೊಸದಲ್ಲ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಮಾಡಿದ ಮೈಸೂರು ಅಂಚೆಯಲ್ಲಿ ಒಬ್ಬ ಹರಿಕಾರ ಓಡಿ ಬಂದು ಕಾಗದ ಕೊಟ್ಟರೆ ಇನ್ನೊಬ್ಬ ಅಲ್ಲಿಂದ ಓಡ್ತಿದ್ದ. 1830ರ ದಶಕದಲ್ಲಿ ಅಮೆರಿಕದ ಜೋಸೆಫ್ ಹೆನ್ರಿ ಇದನ್ನೇ ಕರೆಂಟಿನಲ್ಲಿ ಮಾಡಿ ತೋರಿಸಿದರು. ದೂರದಿಂದ ಬಂದ ಸಣ್ಣ ಕರೆಂಟು ಒಂದು ಕಾಯಿಲ್‌ನ ಅಯಸ್ಕಾಂತ ಮಾಡುತ್ತೆ, ಆ ಅಯಸ್ಕಾಂತ ಒಂದು ತಗಡು ಎಳೆದು ದೊಡ್ಡ ಕರೆಂಟಿನ ದಾರಿ ತೆರೆಯುತ್ತೆ. ತಂತಿ ಟೆಲಿಗ್ರಾಫು ನೂರಾರು ಮೈಲಿ ಹೋಗೋಕೆ ಸಾಧ್ಯ ಆಗಿದ್ದು ಹೀಗೆ. 1948ರಲ್ಲಿ ಶುರುವಾದ ನಮ್ಮ ದೂರವಾಣಿನಗರದ ಐಟಿಐ ಕಾರ್ಖಾನೆಯ ಹಳೇ ಟೆಲಿಫೋನ್ ಎಕ್ಸ್‌ಚೇಂಜುಗಳ ತುಂಬಾ ಇದ್ದದ್ದೂ ರಿಲೇಗಳೇ.

ಇದು ರೈತರಿಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಡಬ್ಬಿ ನೆನಪು ಮಾಡ್ಕೊಳ್ಳಿ. ಹಸಿರು ಗುಂಡಿ ಒತ್ತಿದ್ರೆ ಒಳಗೆ 'ಧಡ್' ಅನ್ನುತ್ತಲ್ಲ, ಅದು ಕಾಂಟ್ಯಾಕ್ಟರು, ರಿಲೇಯ ದೊಡ್ಡಣ್ಣ. ಮೋಟಾರಿನ ಕರೆಂಟು ನಮ್ಮ ಬೆರಳ ಕೆಳಗಿನ ಗುಂಡಿಯಲ್ಲಿ ಹರಿಯಲ್ಲ. ಗುಂಡಿ ಹೇಳುತ್ತೆ, ಕಾಂಟ್ಯಾಕ್ಟರು ಮಾಡುತ್ತೆ. ಗಾಡಿಯ ಸೆಲ್ಫೂ ಹಾಗೇ. ಬ್ಯಾಟರಿ ಡೌನ್ ಆದಾಗ 'ಟಕ್ ಟಕ್' ಅನ್ನೋದು ಅದರ ಸೊಲಿನಾಯ್ಡು. ಹೊಲದಲ್ಲಿ ಸ್ಟಾರ್ಟರ್ ಇಲ್ಲದೆ ಮೋಟಾರ್ ಹಾಕದ ನಾವು ಗಾಡಿಯಲ್ಲಿ ಮಾತ್ರ ಅಷ್ಟೂ ಕರೆಂಟನ್ನ ಒಂದು ಪ್ಲಾಸ್ಟಿಕ್ ಸ್ವಿಚ್ಚಿನಲ್ಲಿ ಹರಿಸ್ತೀವಿ.

ಯಾಕೆ ಹೀಗಾಯ್ತು? ನಮ್ಮ ಹೆಗ್ಗನಹಳ್ಳಿ ಕಥೆಯೂ ಇದರಲ್ಲಿದೆ. ಒಂದು ಕಡೆ ಪೀಣ್ಯ, ಇನ್ನೊಂದು ಕಡೆ ಮಾಗಡಿ ರಸ್ತೆ. 1970ರ ದಶಕದಿಂದ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೀತಾ ಬಂದಂಗೆ ರಾಗಿ ಹೊಲಗಳು ಶೆಡ್ಡಾದವು, ಲೇತು, ಪ್ರೆಸ್ಸು ಬಂದವು. 2007ರಲ್ಲಿ ಬಿಬಿಎಂಪಿ ಆದಾಗ ಊರು ಪೂರ್ತಿ ಪಟ್ಟಣವೇ ಆಯ್ತು. ಹೊಲ ದೂರ ಹೋದಷ್ಟೂ ಗಾಡಿ ಬೇಕಾಯ್ತು. 1986ರಲ್ಲಿ ಟಾಟಾ 407, 2000ದಲ್ಲಿ ಬೊಲೆರೊ, ಆಮೇಲೆ ಅದರ ಪಿಕಪ್ಪು, 2005ರಲ್ಲಿ ಟಾಟಾ ಏಸ್. ರಾತ್ರಿ ಲೋಡು, ಬೆಳಗಿನ ಜಾವ ಮಾರ್ಕೆಟ್ಟು. ಹಾಗಾಗಿ ದೀಪ ಬೇಕು, ಪಂಪು ಬೇಕು. ಜೆ.ಸಿ. ರಸ್ತೆಯಲ್ಲಿ ಎಲ್ಲಾ ಥರದ ಸ್ವಿಚ್ಚು ಸಿಗೋಕೆ ಶುರುವಾಯ್ತು. ಸ್ವಿಚ್ಚು ಅಗ್ಗ ಆಯ್ತು, ಕಣ್ಣಿಗೆ ಕಾಣುತ್ತೆ. ರಿಲೇ, ಫ್ಯೂಸು ಕಣ್ಣಿಗೆ ಕಾಣಲ್ಲ, ಅದನ್ನ ಬಿಟ್ಟೆವು. ಅಮೆರಿಕದ ಫೋರ್ಡ್ ಸೂಪರ್ ಡ್ಯೂಟಿ ಪಿಕಪ್ಪಿಗೆ ಕೇಳಿದ್ರೆ ಕಂಪನಿಯವರೇ ಇಂಥ ಖಾಲಿ ಸ್ವಿಚ್ಚುಗಳನ್ನ ಫ್ಯೂಸು, ರಿಲೇ ಸಮೇತ ಹಾಕಿ ಕೊಡ್ತಾರೆ. ಇಲ್ಲಿ ಆ ಕೆಲಸ ನಾವೇ ಮಾಡಿಸ್ಕೋಬೇಕು.

ಲೆಕ್ಕ ಸುಲಭ. 55 ವ್ಯಾಟಿನ ಎರಡು ಲೈಟು ಅಂದ್ರೆ 110 ವ್ಯಾಟು. ಅದನ್ನ 12 ವೋಲ್ಟಿನಿಂದ ಭಾಗಿಸಿದ್ರೆ ಸುಮಾರು 9 ಆಂಪಿಯರು. ರಿಲೇ ಕಾಯಿಲ್ ತಗೊಳ್ಳೋದು 0.2 ಆಂಪಿಯರಿನ ಆಸುಪಾಸು. ರಿಲೇ ಇದ್ರೆ ಸ್ವಿಚ್ಚಿನಲ್ಲಿ ಹರಿಯೋದು ಅಷ್ಟೇ, ಸಣ್ಣ ವೈರು ಸಾಕು, ಕನ್ಸೋಲು ತಣ್ಣಗಿರುತ್ತೆ.

ರಿಲೇ ಕಾಲಿನ ಮೇಲೆ 30, 85, 86, 87 ಅಂತ ನಂಬರ್ ಇರುತ್ತೆ. ಇದು ಡಿಐಎನ್ 72552 ಅನ್ನೋ ಜರ್ಮನ್ ಪದ್ಧತಿ, ಹೆಚ್ಚಿನ ರಿಲೇಗಳಿಗೆ ಇದೇ ನಂಬರು. ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ ಲೈಟಿಗೆ. ಸ್ವಿಚ್ಚಿನ ವೈರು 86ಕ್ಕೆ, 85 ಅರ್ತಿಗೆ. ಮುಂದಿನ ಲೈಟಿಗೆ 2.5 ಎಂಎಂ ವೈರು, 15 ಆಂಪಿಯರಿನ ನೀಲಿ ಫ್ಯೂಸು. ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಬೇಕು. ಫ್ಯೂಸ್ ಇರೋದು ಲೈಟ್ ಉಳಿಸೋಕಲ್ಲ, ವೈರು ಹತ್ತಿ ಉರಿಯದಂಗೆ ನೋಡ್ಕೊಳ್ಳೋಕೆ. ಪದೇ ಪದೇ ಹೋಗ್ತಿದೆ ಅಂತ 30ರ ಹಸಿರು ಫ್ಯೂಸು ಹಾಕಬೇಡಿ, ಬೀಡಿ ಪ್ಯಾಕಿನ ತಗಡಂತೂ ಬೇಡವೇ ಬೇಡ. 2020ರ ಏಪ್ರಿಲ್ ಆದ್ಮೇಲಿನ ಬಿಎಸ್6 ಗಾಡಿಯಲ್ಲಿ ಕಂಪ್ಯೂಟರ್ ಜಾಸ್ತಿ, ಕಂಪನಿ ವೈರು ಸುಲಿದು ಸುತ್ತೋಕೆ ಹೋಗಬೇಡಿ. ಫ್ಯೂಸ್ ಬಾಕ್ಸಿಗೆ ಸಿಕ್ಕಿಸೋ ಕನೆಕ್ಟರ್ ಸಿಗುತ್ತೆ, ಸ್ವಿಚ್ಚಿಗೆ ಅಲ್ಲಿಂದ ಲೈನ್ ತಗೊಳ್ಳಿ.

ಕಾನೂನೂ ಗೊತ್ತಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿ ಮಾರ್ಪಾಡಿನ ಬಗ್ಗೆ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಎದುರಿನವನ ಕಣ್ಣು ಕುಕ್ಕೋ ಲೈಟು, ಹಲವು ರಾಗದ ಹಾರ್ನು ರಸ್ತೆಗೆ ಬೇಡ. ನಾನು ಮುಂದಿನ ಎರಡು ಲೈಟು ತೆಗೆಸಿಯೇ ಬಿಟ್ಟೆ. ಹೆಡ್‌ಲೈಟ್ ಗಾಜು ಉಜ್ಜಿಸಿದ್ಮೇಲೆ ಅದು ಬೇಕಾಗಲೇ ಇಲ್ಲ.

ಈಗ ಕನ್ಸೋಲಿನಲ್ಲಿ ಮೂರೇ ಸ್ವಿಚ್ಚು, ಹಿಂದೆ ಮೂರು ರಿಲೇ, ಮೂರು ಫ್ಯೂಸು. ನಾಲ್ಕನೇ ತೂತಿಗೆ ರಬ್ಬರ್ ಬಿರಡೆ ಹಾಕಿದ್ದೀನಿ. ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡ್ಕೊಂಡು ನಿಮ್ಮ ಗಾಡಿ ಎಕ್ಸ್‌ಟ್ರಾ ಸ್ವಿಚ್ಚಿನ ವೈರು ಹಿಡಿದು ಬ್ಯಾಟರಿ ತನಕ ಹೋಗಿ ನೋಡಿ. ದಾರಿಯಲ್ಲಿ ಫ್ಯೂಸ್ ಸಿಗಲಿಲ್ಲ ಅಂದ್ರೆ ಆ ವೈರನ್ನ ಅವತ್ತೇ ಬಿಚ್ಚಿಬಿಡಿ ಅಣ್ಣಂದಿರೇ.