ಒಂದೂವರೆ ಕಿಲೋಮೀಟರಿನ ತಂತಿ: ಹೃದ್ರೋಗದ ಅರಿವು ನಮ್ಮೂರಿಗೆ ಬಂದ ದಾರಿ



ಹೃದಯದ ವಿಷಯ ಬಂದೊಡನೆ ನಾವು ದೂರದರ್ಶನದವರು ಪರದೆಯ ಮೇಲೆ ಒಂದು ಹಸಿರು ಗೆರೆಯನ್ನು ಓಡಿಸುತ್ತೇವೆ. ಏರಿಳಿಯುವ ಆ ಗೆರೆ ಸಪಾಟಾದರೆ ನೋಡುವವರಿಗೆ ಬೇರೇನೂ ಹೇಳಬೇಕಾಗಿಲ್ಲ. ಆದರೆ ಆ ಗೆರೆಯನ್ನು ಬರೆಯಲು ಮನುಷ್ಯ ಕಲಿತದ್ದು ಹೇಗೆ, ಅದು ಹಳ್ಳಿಯವರೆಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬ ಕಥೆಗೆ ಅರ್ಧ ಗಂಟೆಯ ಕಾರ್ಯಕ್ರಮ ಸಾಲದು. ಅದಕ್ಕೆಂದೇ ಈ ಪುಟಗಳು.

ನಿಮ್ಮ ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಇಡೀ ದೇಹಕ್ಕೆ ರಕ್ತ ಒದಗಿಸುವ ಈ ಸ್ನಾಯುವಿಗೂ ರಕ್ತ ಬೇಕು. ಅದನ್ನು ತರುವುದು ಹೃದಯದ ಹೊರಮೈಯನ್ನು ಕಿರೀಟದಂತೆ ಬಳಸಿರುವ ಸಣ್ಣ ಅಪಧಮನಿಗಳು. ಇವುಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂಡಿಕೊಳ್ಳುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಒಡೆಯುತ್ತದೆ, ಒಡೆದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಾಳ ಮುಚ್ಚುತ್ತದೆ. ಇದೇ ಹೃದಯಾಘಾತ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲೇ ಸ್ನಾಯು ಸಾಯಲು ತೊಡಗುತ್ತದೆ. ಮಿದುಳಿನ ನಾಳ ಹೀಗೆ ಮುಚ್ಚಿದರೆ ಅಥವಾ ಒಡೆದರೆ ಅದು ಪಾರ್ಶ್ವವಾಯು.

ಈಗ ಭೂಪಟ ತೆಗೆಯಿರಿ. ಮಂಗಳೂರಿನಿಂದ ಬಿ.ಸಿ.ರೋಡ್ ಮೂಲಕ ಬೆಳ್ತಂಗಡಿ, ಚಾರ್ಮಾಡಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂಟ್ವಾಳ ತಾಲೂಕು ಮುಗಿದು ಬೆಳ್ತಂಗಡಿ ತಾಲೂಕು ಶುರುವಾಗುವ ಅಂಚಿನಲ್ಲಿ ಪುಂಜಾಲಕಟ್ಟೆ ಇದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರ. ಮುಂಜಾನೆ ರಬ್ಬರ್ ತೋಟಕ್ಕೆ ಹೊರಟವನಿಗೆ ಎದೆ ಹಿಂಡಿದಂತಾದರೆ, ಮಳೆಗಾಲದ ಆ ರಸ್ತೆಯಲ್ಲಿ ಅರ್ಧ ಗಂಟೆ ಎಲ್ಲಿಯವರೆಗೆ ಬಂದೀತು? ಹೃದ್ರೋಗದ ಇತಿಹಾಸವನ್ನು ಈ ಪ್ರಶ್ನೆ ಇಟ್ಟುಕೊಂಡೇ ಓದಬೇಕೆಂದು ನನಗನಿಸುತ್ತದೆ.

ಹೃದಯದ ವಿದ್ಯುತ್ತನ್ನು ಸ್ಪಷ್ಟವಾಗಿ ಬರೆದು ತೋರಿಸಿದವರು ಹಾಲೆಂಡಿನ ಲೈಡನ್ ನಗರದ ವಿಲ್ಲೆಮ್ ಐಂತೋವನ್. 20ನೇ ಶತಮಾನದ ಆರಂಭದಲ್ಲಿ ಅವರು ಕಟ್ಟಿದ ಯಂತ್ರದ ತೂಕ ಸುಮಾರು 270 ಕಿಲೋ. ನಡೆಸಲು ಐದು ಜನ ಬೇಕಿತ್ತು. ರೋಗಿ ತನ್ನ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಜಾಡಿಗಳಲ್ಲಿ ಮುಳುಗಿಸಿ ಕೂರಬೇಕು. ತೊಂದರೆಯೆಂದರೆ, ರೋಗಿಗಳು ಆಸ್ಪತ್ರೆಯಲ್ಲಿ, ಯಂತ್ರ ಒಂದೂವರೆ ಕಿಲೋಮೀಟರ್ ಆಚೆಯ ಪ್ರಯೋಗಶಾಲೆಯಲ್ಲಿ. ಯಂತ್ರ ಕದಲುವಂತಿಲ್ಲ, ರೋಗಿ ಏಳುವಂತಿಲ್ಲ. 1905ರಲ್ಲಿ ಐಂತೋವನ್ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ಸಂಕೇತವನ್ನು ಪ್ರಯೋಗಶಾಲೆಗೆ ತರಿಸಿಕೊಂಡರು. ಇ.ಸಿ.ಜಿ.ಯ ಚರಿತ್ರೆಯಲ್ಲಿ ರೋಗಿ ಒಂದು ಕಡೆ, ವೈದ್ಯ ಇನ್ನೊಂದು ಕಡೆ ಇದ್ದದ್ದು ಹೀಗೆ ಮೊದಲಿನಿಂದಲೇ. 1924ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು.

ಗೆರೆ ಸಿಕ್ಕಿತು, ಚಿಕಿತ್ಸೆ ಸಿಗಲಿಲ್ಲ. ಹೃದಯದ ನಾಳ ಹಠಾತ್ತನೆ ಮುಚ್ಚಿದವರೆಲ್ಲರೂ ಸಾಯುವುದಿಲ್ಲ, ಕೆಲವರು ಬದುಕುತ್ತಾರೆ ಎಂದು 1912ರಲ್ಲಿ ಷಿಕಾಗೊದ ಜೇಮ್ಸ್ ಹೆರಿಕ್ ಬರೆದಾಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. ಆಮೇಲೆ ಬಹುಕಾಲ ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲಿ ಅಲುಗಾಡದಂತೆ ಮಲಗಿಸುವುದೇ ವೈದ್ಯವಾಗಿತ್ತು. ಚಿತ್ರ ಬದಲಾದದ್ದು 1986ರಲ್ಲಿ. ಇಟಲಿಯ ಆಸ್ಪತ್ರೆಗಳು ಕೂಡಿ 11 ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಸ್ಟ್ರೆಪ್ಟೊಕೈನೇಸ್ ಎಂಬ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಪರೀಕ್ಷಿಸಿದವು. ನೋವು ಶುರುವಾದ ಒಂದು ಗಂಟೆಯೊಳಗೆ ಔಷಧ ಸಿಕ್ಕವರಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆರು ಗಂಟೆ ದಾಟಿ ಬಂದವರಿಗೆ ಪ್ರಯೋಜನ ಕಾಣಲಿಲ್ಲ. ಔಷಧ ಅದೇ, ಫಲ ಬೇರೆ; ನಡುವೆ ಇದ್ದದ್ದು ಗಡಿಯಾರ ಮಾತ್ರ.

ಆದರೆ ಹೃದಯಾಘಾತ ಎಂದು ಗೊತ್ತಾಗದೆ ಆ ಔಷಧ ಕೊಡುವಂತಿಲ್ಲ. ಗೊತ್ತಾಗಲು ಇ.ಸಿ.ಜಿ. ಬೇಕು, ಇ.ಸಿ.ಜಿ. ಇರುವುದು ಪೇಟೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ವೈದ್ಯಕ್ಕೆ ಕೊರತೆಯಿರಲಿಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮೂಲ 1848ರದ್ದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜು ಆರಂಭವಾದದ್ದು 1953ರಲ್ಲಿ. ಕೊರತೆ ಇದ್ದದ್ದು ದಾರಿಯ ಈ ತುದಿಯಲ್ಲಿ. ಮನೆಯಲ್ಲಿ ಕೇಳುವ ಮಾತು ನಿಮಗೂ ಗೊತ್ತು: "ಗ್ಯಾಸ್ಟ್ರಿಕ್ ಮಾರಾಯ, ಒಂದು ಸೋಡಾ ಕುಡಿದರೆ ಸರಿ ಆಗ್ತದೆ." ಸೋಡಾ ಕುಡಿದು, ಓಮದ ನೀರು ಕುಡಿದು, ಮಲಗಿ ಎದ್ದು, ಮಂಗಳೂರಿಗೆ ಹೊರಡುವಾಗ ಇಟಲಿಯವರ ಆರು ಗಂಟೆ ಮುಗಿದಿರುತ್ತದೆ.

2018ರಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಇದಕ್ಕೊಂದು ಸರಳ ಉಪಾಯ ಹುಡುಕಿದರು. 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್', ಅಂದರೆ ಮನೆಬಾಗಿಲಿಗೆ ಹೃದಯಚಿಕಿತ್ಸೆ, ಎಂಬ ಹೆಸರಿನಲ್ಲಿ ಹಳ್ಳಿಯ ವೈದ್ಯರನ್ನೂ ತಜ್ಞರನ್ನೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸೇರಿಸಿದರು. ದಾನಿಗಳ ನೆರವಿನಿಂದ ಗ್ರಾಮೀಣ ಚಿಕಿತ್ಸಾಲಯ, ಆರೋಗ್ಯ ಕೇಂದ್ರಗಳಿಗೆ ನೂರಾರು ಇ.ಸಿ.ಜಿ. ಯಂತ್ರಗಳನ್ನು ಉಚಿತವಾಗಿ ಕೊಡಿಸಿದರು. ಹಳ್ಳಿಯ ವೈದ್ಯರು ಗೆರೆಯ ಫೋಟೊ ತೆಗೆದು ಕಳಿಸುತ್ತಾರೆ, ತಜ್ಞರು ನೋಡಿ ಉತ್ತರಿಸುತ್ತಾರೆ. ಐಂತೋವನ್ ಎಳೆದ ಒಂದೂವರೆ ಕಿಲೋಮೀಟರಿನ ತಂತಿ ಕರಾವಳಿಯ ಹಳ್ಳಿಗಳನ್ನು ಮುಟ್ಟಲು ನೂರಾ ಹದಿಮೂರು ವರ್ಷ ಬೇಕಾಯಿತು!

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2023-24ರಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುವುದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುವುದು ಅದರ ಕ್ರಮ.

ಇದು ನಾಳ ಮುಚ್ಚಿದ ಮೇಲಿನ ಮಾತು. ಮುಚ್ಚದಂತೆ ಮಾಡಲಾದೀತೆ? 20ನೇ ಶತಮಾನದ ನಡುವಿನವರೆಗೂ ವೈದ್ಯರಿಗೇ ಆ ನಂಬಿಕೆ ಇರಲಿಲ್ಲ. ವಯಸ್ಸಾದಂತೆ ರಕ್ತದೊತ್ತಡ ಏರುವುದು ಸಹಜ, ಬಿರುಸಾದ ನಾಳಗಳಲ್ಲಿ ರಕ್ತ ಹರಿಯಲು ಅದು ಬೇಕೇ ಬೇಕು ಎಂದು ಅನೇಕರು ತಿಳಿದಿದ್ದರು. ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಉಪಕರಣವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲೇ ಕೊಟ್ಟಿದ್ದರು. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಎರಡು ಅಂಕಿ ಬರೆಯುವುದನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತೋರಿಸಿದ್ದರು. ಅಂಕಿ ಕೈಯಲ್ಲಿತ್ತು, ಅರ್ಥ ಗೊತ್ತಿರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ವರ್ಷಗಟ್ಟಲೆ ಏರಿದ ಒತ್ತಡದೊಂದಿಗೆ ಮಹಾಯುದ್ಧ ನಡೆಸಿ, 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ಸತ್ತರು. 1948ರಲ್ಲಿ ಅಲ್ಲಿನ ಫ್ರೇಮಿಂಗ್‌ಹ್ಯಾಮ್ ಎಂಬ ಪುಟ್ಟ ಪಟ್ಟಣದ 5,209 ಮಂದಿಯನ್ನು ಆರೋಗ್ಯವಾಗಿರುವಾಗಲೇ ನೋಂದಾಯಿಸಿ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸತೊಡಗಿದರು. ಯಾರಿಗೆ ಹೃದ್ರೋಗ ಬರುತ್ತದೆಂದು ಕಾದು ನೋಡಿದ್ದು ಅದರ ವಿಶೇಷ. ರಕ್ತದೊತ್ತಡ, ಕೊಲೆಸ್ಟ್ರಾಲ್, ಧೂಮಪಾನ, ಸಿಹಿಮೂತ್ರ ಇವು ಮುಂಚಿತವಾಗಿ ಸುಳಿವು ಕೊಡುತ್ತವೆ ಎಂಬುದು ಹೊರಬಂದದ್ದು ಆ ಊರಿನಿಂದ.

ನಮ್ಮ ದೇಶದ ಪಾಲೂ ಇದರಲ್ಲಿದೆ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಬೊಂಬಾಯಿಯ ಡಾ. ರುಸ್ತುಂ ಜಲ್ ವಕೀಲ್ 1949ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಪಶ್ಚಿಮದವರು ಕಿವಿಗೊಟ್ಟರು. ಇಂದು ಅದಕ್ಕಿಂತ ಸುರಕ್ಷಿತ ಮಾತ್ರೆಗಳಿವೆ. ಬೇರು ಕಿತ್ತು ತಿನ್ನುವ ಸಾಹಸ ಬೇಡ.

ಊರಿಗೆ ಊರೇ ಹೃದ್ರೋಗವನ್ನು ಹಿಮ್ಮೆಟ್ಟಿಸಿದ ಉದಾಹರಣೆ ಬೇಕಾದರೆ ಫಿನ್‌ಲೆಂಡಿನ ಉತ್ತರ ಕರೇಲಿಯಾಕ್ಕೆ ಹೋಗಬೇಕು. ಕಾಡು, ಕೆರೆ, ಹಸು ಸಾಕುವ ರೈತರ ಬಡ ಪ್ರಾಂತ. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಊಟಕ್ಕೆ ಉಪ್ಪು, ಬಾಯಲ್ಲಿ ಸಿಗರೇಟು. ದುಡಿಯುವ ವಯಸ್ಸಿನ ಗಂಡಸರು ಸಾಲಾಗಿ ಸಾಯುತ್ತಿದ್ದರು. 1971ರಲ್ಲಿ ಪ್ರಾಂತದ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಬರೆದರು. 1972ರಲ್ಲಿ ಪೆಕ್ಕ ಪುಸ್ಕ ಎಂಬ ಎಳೆಯ ವೈದ್ಯರ ಮುಂದಾಳ್ತನದಲ್ಲಿ ಕೆಲಸ ಶುರುವಾಯಿತು. ಅವರು ಹೊಸ ಆಸ್ಪತ್ರೆ ಕಟ್ಟಿಸಲಿಲ್ಲ. ಮಹಿಳಾ ಸಂಘಗಳಲ್ಲಿ ಅಡುಗೆ ಕಲಿಸಿದರು, ಸಾಸೇಜು ಮಾಡುವವರಿಂದ ಕೊಬ್ಬು, ಉಪ್ಪು ಕಡಿಮೆ ಮಾಡಿಸಿದರು, ಹಾಲಿನ ರೈತರಿಗೆ ಬೆರ್ರಿ ಹಣ್ಣು ಬೆಳೆಯಲು ನೆರವಾದರು, ಕೊಲೆಸ್ಟ್ರಾಲ್ ಇಳಿಸುವುದರಲ್ಲಿ ಹಳ್ಳಿಹಳ್ಳಿಗೆ ಪಂದ್ಯ ಇಟ್ಟರು. ನಲವತ್ತು ವರ್ಷದಲ್ಲಿ ಆ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇಕಡಾ 80ಕ್ಕಿಂತ ಹೆಚ್ಚು ಇಳಿಯಿತು.

ಬಂಟ್ವಾಳ, ಬೆಳ್ತಂಗಡಿಯ ಪ್ರಶ್ನೆ ಕರೇಲಿಯಾದ ಬೆಣ್ಣೆಯದ್ದಲ್ಲ. ಗಂಜಿಯ ಪಕ್ಕದ ಉಪ್ಪಿನಕಾಯಿ, ಒಣಮೀನು, ಹಪ್ಪಳ, ಉಪ್ಪಿಗೆ ಹಾಕಿದ ಹಲಸಿನ ಸೊಳೆ ಲೆಕ್ಕ ಹಾಕಿ. ದಿನಕ್ಕೆ ಒಟ್ಟು 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ಒಂದು ಟೀ ಚಮಚೆಯಷ್ಟೂ ಆಗದು. ಹೊಗೆಸೊಪ್ಪಿನ ವಿಷಯ ಇನ್ನೂ ಕಷ್ಟದ್ದು. ಈ ಸೀಮೆಯಲ್ಲಿ ಎಷ್ಟೋ ಮನೆಗಳ ಶಾಲಾಶುಲ್ಕ ಬಂದದ್ದು ತಾಯಂದಿರು ಮಡಿಲಲ್ಲಿ ತಡ್ಪೆ ಇಟ್ಟು ಕಟ್ಟಿದ ಬೀಡಿಯಿಂದ. ಆ ದುಡಿಮೆಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಆದರೆ ಎಲೆಯಲ್ಲಿ ಸುತ್ತಿದ್ದರಿಂದ ಬೀಡಿ ಸಿಗರೇಟಿಗಿಂತ ಸೌಮ್ಯವೆಂಬುದು ಸುಳ್ಳು; ರಕ್ತನಾಳಕ್ಕೆ ಎರಡೂ ಒಂದೇ.

ಇವೆಲ್ಲ ಹೆಚ್ಚಾಗಿ ನಡುವಯಸ್ಸಿನವರ ಕಾಯಿಲೆಗಳು. ನಿಮ್ಮ ವಯಸ್ಸಿನವರನ್ನೇ ಹಿಡಿಯುವುದೊಂದಿದೆ: ಸಂಧಿವಾತ ಜ್ವರ. 5ರಿಂದ 15ರ ವಯಸ್ಸಿನಲ್ಲಿ, ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು ಬಂದು ಎರಡು ಮೂರು ವಾರದ ಮೇಲೆ, ಮತ್ತೆ ಜ್ವರ ಬಂದು ಮಂಡಿಯಿಂದ ಮಣಿಗಂಟಿಗೆ, ಅಲ್ಲಿಂದ ಮೊಣಕೈಗೆ ನೋವು ಸಂಚರಿಸುತ್ತದೆ. ಗಂಟಿನ ನೋವು ಮಾಯವಾಗುತ್ತದೆ. ಹೃದಯದ ಕವಾಟಕ್ಕೆ ಬಿದ್ದ ಗಾಯ ಉಳಿಯುತ್ತದೆ. ವರ್ಷಗಳ ಮೇಲೆ ಕವಾಟ ಇಕ್ಕಟ್ಟಾಗಿ, ಮೆಟ್ಟಿಲೇರಿದರೆ ಉಸಿರು ಕಟ್ಟುತ್ತದೆ. ಇಕ್ಕಟ್ಟಾದ ಕವಾಟವನ್ನು ಎದೆ ಸೀಳದೆ ಬಲೂನಿನಿಂದ ಅಗಲಿಸುವ ವಿಧಾನವನ್ನು ಜಪಾನಿನ ಕಾಂಜಿ ಇನೊಯೆ 1984ರಲ್ಲಿ ಪ್ರಕಟಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದು ಸಾವಿರಾರು ಜನರಿಗೆ ನಡೆದಿದೆ. ಎಷ್ಟೋ ಮಂದಿ ಹಳ್ಳಿಯ ಬಡವರು, ಯುವತಿಯರು. ಅಲ್ಲಿಯವರೆಗೆ ಹೋಗದಿರಲು ಗಂಟಲು ನೋವಿಗೆ ವೈದ್ಯರು ಬರೆದ ಪೆನಿಸಿಲಿನ್ ಜಾತಿಯ ಮಾತ್ರೆಗಳನ್ನು ನೋವು ಹೋಯಿತೆಂದು ನಡುವೆ ಬಿಡದೆ ಮುಗಿಸಬೇಕು. ಜ್ವರ ಒಮ್ಮೆ ಬಂದುಹೋದವರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ, ವೈದ್ಯರು ಸಾಕೆನ್ನುವ ತನಕ ಹಾಕಿಸಿಕೊಳ್ಳಬೇಕು. ನಿಮ್ಮ ತರಗತಿಯಲ್ಲಿ ಯಾರಾದರೂ ಮೂರು ವಾರಕ್ಕೊಂದು ದಿನ ತಡವಾಗಿ ಬರುತ್ತಿದ್ದರೆ, ಅವರು ಈ ಚುಚ್ಚುಮದ್ದಿನ ಸರದಿಯಲ್ಲಿ ನಿಂತು ಬಂದಿರಬಹುದು.